ಕೊಟ್ಟಿಗೆಗೂ ಲೈಸೆನ್ಸ್ ಏಕೆ? ವಿಕ್ಟೋರಿಯಾ ಕಾಲದ ಲಂಡನ್ ಹಾಕಿಕೊಟ್ಟ ದಾರಿ, ಬಿಟ್ಟುಹೋದ ಗಂಟು

2024ರ ಬೇಸಿಗೆಯಲ್ಲಿ ದಿಲ್ಲಿ ಹೈಕೋರ್ಟು ರಾಜಧಾನಿಯ ಡೇರಿ ಕಾಲೊನಿಗಳ ಬಗ್ಗೆ ಒಂದರ ಹಿಂದೊಂದು ಆದೇಶ ಕೊಟ್ಟಿತು. ಗಾಜಿಪುರ ಮತ್ತು ಭಲ್‌ಸ್ವಾದ ಕೊಟ್ಟಿಗೆಗಳು ಕಸದ ಗುಡ್ಡಗಳ ಮಗ್ಗುಲಲ್ಲೇ ಇವೆ. ಆ ಕಸ ತಿಂದ ಎಮ್ಮೆ, ಹಸುಗಳ ಹಾಲು ಮಕ್ಕಳ ಹೊಟ್ಟೆ ಸೇರುತ್ತದೆ ಎಂಬುದು ನ್ಯಾಯಾಲಯದ ಆತಂಕ. ಲೈಸೆನ್ಸ್ ಇಲ್ಲದೆ ಡೇರಿ ನಡೆಯುವುದು ಹೇಗೆ ಎಂದೂ ಅದು ಕೇಳಿತು. ಜುಲೈ ಹೊತ್ತಿಗೆ ಭಲ್‌ಸ್ವಾ ಡೇರಿಯನ್ನು ದಿಲ್ಲಿಯದೇ ಇನ್ನೊಂದು ಡೇರಿ ಕಾಲೊನಿಯಾದ ಘೋಘಾಕ್ಕೆ ಸಾಗಿಸಿ ಎಂಬ ಆದೇಶವೂ ಬಂತು.

ಸುದ್ದಿ ಓದಿದವರಿಗೆ ಗೊಂದಲವಾದದ್ದು ಸಹಜ. ಈ ಡೇರಿ ಕಾಲೊನಿಗಳು ಹುಟ್ಟಿದ್ದೇ ಊರೊಳಗಿನ ದನಗಳನ್ನು ಊರ ಅಂಚಿಗೆ ಸಾಗಿಸಲು, ಅದೂ ಸರ್ಕಾರದ ಯೋಜನೆಯಲ್ಲೇ. ಹಾಗೆ ಹೋದವರು ಈಗ ಲೈಸೆನ್ಸ್ ಇಲ್ಲದವರು ಹೇಗಾದರು? ಒಂದು ಕೊಟ್ಟಿಗೆಗೆ ಪಾಲಿಕೆಯ ಕಾಗದ ಬೇರೆ, ಮಾಲಿನ್ಯ ಮಂಡಳಿಯ ಒಪ್ಪಿಗೆ ಬೇರೆ, ಆಹಾರ ಸುರಕ್ಷತೆಯ ನೋಂದಣಿ ಬೇರೆ ಏಕೆ? ಹಾಲು ಕೆಟ್ಟಿದ್ದರೆ ಹಾಲನ್ನು ಪರೀಕ್ಷಿಸಲಿ, ದನ ಕಟ್ಟುವ ಜಾಗಕ್ಕೆ ಅಪ್ಪಣೆ ಯಾಕೆ?

ಈ ಪ್ರಶ್ನೆಗಳ ಬೇರು ನಮ್ಮ ನೆಲದಲ್ಲಿಲ್ಲ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಕೊಟ್ಟಿಗೆ, ಕಸಾಯಿಖಾನೆ, ಹಂದಿಗೂಡುಗಳ ಮೇಲೆ ನಡೆದ ಜಗ್ಗಾಟದಿಂದ ಈ ಕಾನೂನಿನ ಅಚ್ಚು ಬಂತು. 1860ರ ಭಾರತೀಯ ದಂಡ ಸಂಹಿತೆಯಲ್ಲಿದ್ದ ‘ಸಾರ್ವಜನಿಕ ಉಪದ್ರವ’ದ ಕಲಮು ಇಂದಿಗೂ ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಮಾಗಿ ಉಳಿದಿದೆ. ಕರ್ನಾಟಕದ 1976ರ ಮಹಾನಗರಪಾಲಿಕೆ ಕಾಯ್ದೆಯಲ್ಲಿ ಕಸಾಯಿಖಾನೆ ಮತ್ತು ಲೈಸೆನ್ಸ್ ಪಡೆಯಬೇಕಾದ ಉದ್ಯೋಗಗಳ ಬಗ್ಗೆ ಇರುವ ಕಲಮುಗಳೂ ಅದೇ ವಂಶದವು. ಆ ಲಂಡನ್ನಿನಲ್ಲಿ ಏನು ಫಲಿಸಿತು, ಏನು ಫಲಿಸಲಿಲ್ಲ ಎಂಬುದನ್ನು ನಿಧಾನವಾಗಿ ನೋಡಿದರೆ ದಿಲ್ಲಿಯ ಗೊಂದಲ ಅರ್ಧ ಬಿಡಿಸಿಕೊಳ್ಳುತ್ತದೆ.

ಊರ ನಡುವೆ ದನ ಏಕಿತ್ತು

ಹಾಲು ಕೆಡುತ್ತದೆ, ಮಾಂಸವೂ ಕೆಡುತ್ತದೆ. ಮಂಜುಗಡ್ಡೆ, ರೈಲು ಎರಡೂ ಇಲ್ಲದ ಕಾಲದಲ್ಲಿ ಹಸು ಹಾಲು ಕುಡಿಯುವವರ ಬೀದಿಯಲ್ಲೇ ಇರಬೇಕು, ಕುರಿ ಮಾಂಸದಂಗಡಿಯವರೆಗೂ ನಡೆದೇ ಬರಬೇಕು. ಲಂಡನ್ನಿನಲ್ಲಿ ಸಾವಿರಾರು ಹಸುಗಳು ಮನೆಗಳ ಹಿತ್ತಲಲ್ಲಿ, ಓಣಿಗಳ ಕೊನೆಯಲ್ಲಿ, ಕೆಲವೆಡೆ ನೆಲಮಾಳಿಗೆಯಲ್ಲಿ ಬದುಕುತ್ತಿದ್ದವು. ಬಿಯರ್ ಕಾರ್ಖಾನೆಗಳಲ್ಲಿ ಉಳಿದ ಧಾನ್ಯದ ಚರಟವೇ ಅವುಗಳ ಮೇವು. ಹಸು ಒಳಗೆ ಬಂದರೆ ಹಾಲು ಬತ್ತುವವರೆಗೆ ಹೊರಗೆ ಕಾಲಿಡುತ್ತಿರಲಿಲ್ಲ. ಬತ್ತಿದ ಮೇಲೆ ಹೋಗುತ್ತಿದ್ದುದು ಕಟುಕನ ಬಳಿಗೆ.

ನಗರದ ಹೃದಯದಲ್ಲೇ ಇದ್ದ ಸ್ಮಿತ್‌ಫೀಲ್ಡ್ ಸಂತೆಗೆ ಜೀವಂತ ದನ, ಕುರಿಗಳ ಹಿಂಡು ಬೀದಿಬೀದಿ ದಾಟಿ ಬರುತ್ತಿತ್ತು. ಕೊಂಡವರು ಹತ್ತಿರದ ಗಲ್ಲಿಗೆ ಹೊಡೆದುಕೊಂಡು ಹೋಗಿ ಕಡಿಯುತ್ತಿದ್ದರು. ಹಳೇ ಲಂಡನ್ನಿನ ಒಂದು ಚದರ ಮೈಲಿಯಷ್ಟಿರುವ ‘ಸಿಟಿ’ಯ ಆರೋಗ್ಯಾಧಿಕಾರಿ ಜಾನ್ ಸೈಮನ್ 1849ರಲ್ಲಿ ಬರೆದ ಮೊದಲ ವರದಿಯಲ್ಲೇ ಲೆಕ್ಕ ಕೊಟ್ಟಿದ್ದಾರೆ: ಅಷ್ಟರೊಳಗೆ 138 ಕಸಾಯಿಖಾನೆಗಳು, ಅವುಗಳಲ್ಲಿ 58 ಕಡೆ ಕಡಿಯುತ್ತಿದ್ದುದು ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲ, ನೀರು ಹರಿದುಹೋಗಲು ಇಳಿಜಾರಿಲ್ಲ, ಮೇಲೆ ಜನ ಮಲಗುವ ಕೋಣೆ. ಆ ಕೋಣೆಯ ನೆಲಹಲಗೆಯ ಸಂದಿನಿಂದ ಏರಿ ಬರುವ ರಕ್ತದ ವಾಸನೆಯನ್ನು ಊಹಿಸಿಕೊಂಡರೆ ಆರೋಗ್ಯಾಧಿಕಾರಿಗಳ ವರದಿಗಳಲ್ಲಿರುವ ಸಿಟ್ಟು ಅರ್ಥವಾಗುತ್ತದೆ.

ಸ್ಮಿತ್‌ಫೀಲ್ಡಿನ ಜೀವಂತ ದನದ ಸಂತೆ 1855ರಲ್ಲಿ ಮುಚ್ಚಿ ಇಸ್ಲಿಂಗ್ಟನ್ನಿನ ಕೋಪನ್‌ಹೇಗನ್ ಫೀಲ್ಡ್ಸಿಗೆ ಹೋಯಿತು. ಸಂತೆ ದೂರವಾದರೂ ಕೊಟ್ಟಿಗೆ, ಕಸಾಯಿಖಾನೆಗಳು ಇದ್ದಲ್ಲೇ ಉಳಿದವು.

ನಾತವೇ ರೋಗ ಎಂಬ ನಂಬಿಕೆ

ಆಗಿನ ವೈದ್ಯಲೋಕದ ಬಹುಮಂದಿ ನಂಬಿದ್ದು ಒಂದೇ ಸಂಗತಿ: ಕೊಳೆತದ್ದರಿಂದ ಏಳುವ ಕೆಟ್ಟ ಗಾಳಿಯೇ ಕಾಲರಾ, ಜ್ವರಗಳ ಮೂಲ. ಈ ನಂಬಿಕೆಯ ಪ್ರಕಾರ ಹಂದಿಗೂಡಿನ ಗಬ್ಬು ಅಸಹ್ಯ ಮಾತ್ರವಲ್ಲ, ಕೊಲ್ಲುವ ವಿಷ. ಹಾಗಾಗಿ ಮೂಗಿಗೆ ಬಡಿದದ್ದನ್ನೆಲ್ಲ ಕಾನೂನಿನ ಕೈಗೆ ಕೊಡಬೇಕು.

ಇಲ್ಲೊಂದು ವಿಚಿತ್ರ ತಿರುವಿದೆ. 1854ರಲ್ಲಿ ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾಲರಾ ಹರಡುತ್ತಿದೆ ಎಂದು ತೋರಿಸಿಕೊಟ್ಟ ಡಾಕ್ಟರ್ ಜಾನ್ ಸ್ನೋ ಮರುವರ್ಷ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಎಲುಬು ಕುದಿಸುವವರು, ಕೊಬ್ಬು ಕರಗಿಸುವವರು, ಸಾಬೂನು ಮಾಡುವವರ ಮೇಲೆ ಬಿಗಿ ತರುವ ಮಸೂದೆ ಅಲ್ಲಿ ಚರ್ಚೆಯಲ್ಲಿತ್ತು. ಈ ಉದ್ಯೋಗಗಳ ವಾಸನೆಯಿಂದ ಸಾಂಕ್ರಾಮಿಕ ರೋಗ ಬರುವುದಿಲ್ಲ ಎಂದರು ಸ್ನೋ. ರೋಗ ಹರಡುವುದು ನೀರಿನಿಂದ, ನುಂಗುವುದರಿಂದ. ವಾಸನೆಯೇ ಕಾರಣವಾಗಿದ್ದರೆ ದಿನವಿಡೀ ಅದರಲ್ಲೇ ದುಡಿಯುವವರು ಮೊದಲು ಸಾಯಬೇಕಿತ್ತು ಎಂಬುದು ಅವರ ತರ್ಕ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಅವರ ಮೇಲೆ ಕಟುವಾಗಿ ಹರಿಹಾಯ್ದಿತು, ಗಬ್ಬೆಬ್ಬಿಸುವವರ ವಕಾಲತ್ತು ಎಂಬ ಧಾಟಿಯಲ್ಲಿ.

ಕಾಲರಾ ವಿಷಯದಲ್ಲಿ ಸರಿಯಾಗಿದ್ದವರು ಸ್ನೋ. ಆದರೂ ಮಸೂದೆ ಪಾಸಾದದ್ದರಿಂದ ಕೇಡಾಗಲಿಲ್ಲ, ಒಳಿತೇ ಆಯಿತು. ನಾತವನ್ನು ಬೆನ್ನಟ್ಟಿ ಹೋದ ಇನ್‌ಸ್ಪೆಕ್ಟರ್ ಕೊನೆಗೆ ತಲುಪುತ್ತಿದ್ದುದು ಸೋರುವ ಚರಂಡಿಗೆ, ಬಾವಿಯ ಪಕ್ಕದ ಗೊಬ್ಬರದ ಗುಂಡಿಗೆ. ಕಾರಣ ತಪ್ಪಾಗಿ ತಿಳಿದಿದ್ದರೂ ಕೈ ಹಾಕಿದ ಜಾಗ ಬಹಳ ಸಲ ಸರಿಯಾಗಿತ್ತು. ತಪ್ಪು ತಿಳಿವಳಿಕೆಯ ಬೆಲೆ ಬೇರೆ ಕಡೆ ತೆರಬೇಕಾಯಿತು: ವಾಸನೆ ಬಾರದ ಅಪಾಯಗಳು ಹದಿನೈದು ಇಪ್ಪತ್ತು ವರ್ಷ ಕಣ್ಣಿಗೇ ಬೀಳಲಿಲ್ಲ. ಅದಕ್ಕೆ ಮುಂದೆ ಬರೋಣ.

ದೂರು ಏಕೆ ಸಾಲಲಿಲ್ಲ

ಲೈಸೆನ್ಸಿಗಿಂತ ಹಳೆಯದು ನ್ಯೂಸೆನ್ಸ್ (ಉಪದ್ರವ) ಕಾನೂನು. ಪಕ್ಕದವನ ಕೊಟ್ಟಿಗೆಯಿಂದ ತೊಂದರೆಯಾದರೆ ನ್ಯಾಯಾಲಯಕ್ಕೆ ಹೋಗಬಹುದಿತ್ತು. ‘ನಾನು ಮೊದಲೇ ಇಲ್ಲಿದ್ದೆ, ನೀವು ಆಮೇಲೆ ಬಂದಿರಿ’ ಎಂಬ ಸಬೂಬನ್ನು ಇಂಗ್ಲಿಷ್ ನ್ಯಾಯಾಲಯಗಳು ಒಪ್ಪಲಿಲ್ಲ. 1838ರ ಬ್ಲಿಸ್ ಮತ್ತು ಹಾಲ್ ಮೊಕದ್ದಮೆಯಲ್ಲಿ ಪ್ರಾಣಿಕೊಬ್ಬಿನಿಂದ ಮೇಣದಬತ್ತಿ ಮಾಡುವವನು, ದೂರುದಾರ ಆ ಜಾಗಕ್ಕೆ ಬರುವ ಮೂರು ವರ್ಷ ಮೊದಲೇ ತನ್ನ ಉದ್ಯೋಗ ಇತ್ತು ಎಂದು ವಾದಿಸಿ ಸೋತ. ಶುದ್ಧ ಗಾಳಿಯ ಹಕ್ಕು ಮನೆಯೊಂದಿಗೇ ಬರುತ್ತದೆ ಎಂಬುದು ತೀರ್ಪಿನ ಸಾರ. ದಿಲ್ಲಿಯ ಡೇರಿಯವರ ನೋವಿಗೆ ಈ ತತ್ವ ಸುಲಭವಾಗಿ ಕಿವಿಗೊಡುವುದಿಲ್ಲ ಎಂಬುದನ್ನು ಇಲ್ಲೇ ಗುರುತಿಸಿಕೊಳ್ಳಬೇಕು.

ತತ್ವ ಗಟ್ಟಿಯಾಗಿತ್ತು, ಅದನ್ನು ಬಳಸುವ ಶಕ್ತಿ ಬಡವರಿಗಿರಲಿಲ್ಲ. ಮೊಕದ್ದಮೆಗೆ ಹಣ ಬೇಕು. ದೂರುದಾರ ಎಷ್ಟೋ ಸಲ ಆ ಕೊಟ್ಟಿಗೆಯ ಮಾಲೀಕನ ಬಾಡಿಗೆದಾರನೇ ಆಗಿರುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ದೂರು ಹುಟ್ಟುವುದು ಕೇಡಾದ ಮೇಲೆ. ಚರಂಡಿ ಕಟ್ಟಿಕೊಂಡು ಮಗು ಸತ್ತ ಮೇಲೆ ಗೆದ್ದ ಕೇಸು ಯಾರಿಗೆ ಬೇಕು?

1855ರ ಎರಡು ಕಾಯ್ದೆಗಳು ಇದನ್ನು ಸರಿಪಡಿಸಲು ಹೊರಟವು. ಲಂಡನ್ನಿನ ಪ್ರತಿ ವೆಸ್ಟ್ರಿಯೂ (ನಮ್ಮ ವಾರ್ಡ್ ಸಭೆಯಂಥ ಸ್ಥಳೀಯ ಆಡಳಿತ) ಒಬ್ಬ ಆರೋಗ್ಯಾಧಿಕಾರಿಯನ್ನೂ ‘ಇನ್‌ಸ್ಪೆಕ್ಟರ್ ಆಫ್ ನ್ಯೂಸೆನ್ಸಸ್’ ಎಂಬ ಅಧಿಕಾರಿಯನ್ನೂ ನೇಮಿಸಲೇಬೇಕು ಎಂದಾಯಿತು. ನಮ್ಮ ಊರುಗಳಲ್ಲಿ ಜನ ಇಂದಿಗೂ ಹೇಳುವ ಸ್ಯಾನಿಟರಿ ಇನ್‌ಸ್ಪೆಕ್ಟರ್, ಹೆಲ್ತ್ ಇನ್‌ಸ್ಪೆಕ್ಟರ್ ಹುದ್ದೆಗಳ ಪೂರ್ವಜ ಇವನೇ. ಕಾಯ್ದೆಯಲ್ಲಿ ಉದ್ಯೋಗಸ್ಥರಿಗೂ ಒಂದು ರಕ್ಷಣೆ ಇತ್ತು: ತೊಂದರೆ ತಪ್ಪಿಸಲು ಕೈಲಾದ ಅತ್ಯುತ್ತಮ ಕ್ರಮ ಕೈಗೊಂಡಿದ್ದೇವೆ ಎಂದು ತೋರಿಸಿದರೆ ಬಚಾವು. ಈ ಒಂದು ವಾಕ್ಯದ ಅರ್ಥಕ್ಕಾಗಿ ವಕೀಲರು ಬಹುಕಾಲ ಹೊಡೆದಾಡಿದರು.

ಅದರ ಮುಂದಿನ ಹೆಜ್ಜೆ ಲೈಸೆನ್ಸ್. 1850ರ ದಶಕದಲ್ಲಿ ಲಂಡನ್ನಿನ ಕಸಾಯಿಖಾನೆಗಳು ಅದರಡಿ ಬಂದವು, 1862ರ ತಿದ್ದುಪಡಿ ಕಾಯ್ದೆಯಿಂದ ಹಸುವಿನ ಕೊಟ್ಟಿಗೆಗಳೂ ಸೇರಿದವು. ಕೊಡುವವರು ಮ್ಯಾಜಿಸ್ಟ್ರೇಟರು, ಆಕ್ಷೇಪಿಸುವ ಹಕ್ಕು ವೆಸ್ಟ್ರಿಗೆ. ಅವಧಿ ಒಂದು ವರ್ಷ.

ಈ ‘ಒಂದು ವರ್ಷ’ವೇ ಇಡೀ ಏರ್ಪಾಡಿನ ಪ್ರಾಣ. ನ್ಯೂಸೆನ್ಸ್ ಕೇಸಿನಲ್ಲಿ ತಪ್ಪು ಸಾಬೀತು ಮಾಡಬೇಕಾದವನು ದೂರುದಾರ. ಲೈಸೆನ್ಸಿನಲ್ಲಿ ಜಾಗ ಸರಿಯಿದೆ ಎಂದು ತೋರಿಸಬೇಕಾದವನು ಮಾಲೀಕ, ಅದೂ ಪ್ರತಿ ವರ್ಷ ಹೊಸದಾಗಿ. ಆರೋಗ್ಯಾಧಿಕಾರಿ ನವೀಕರಣಕ್ಕೆ ಮುಂಚೆ ಒಂದು ಸುತ್ತು ಹೊರಟು ನೆಲ, ಚರಂಡಿ, ಗಾಳಿ, ಗೊಬ್ಬರದ ಗುಂಡಿ ನೋಡಿ ಪಟ್ಟಿ ಬರೆಯುತ್ತಿದ್ದ: ಇಲ್ಲಿ ಕಲ್ಲುಹಾಸು ಕಿತ್ತಿದೆ, ಇಲ್ಲಿ ನೀರಿನ ತೊಟ್ಟಿಗೆ ಮುಚ್ಚಳವಿಲ್ಲ. ಆ ಪಟ್ಟಿ ಮ್ಯಾಜಿಸ್ಟ್ರೇಟರ ಮೇಜಿಗೆ ಹೋಗುತ್ತದೆಂಬ ಭಯಕ್ಕೇ ಎಷ್ಟೋ ನೆಲಗಳಿಗೆ ಗಾರೆ ಬಿತ್ತು. ಲಂಡನ್ನಿನ ಹೊರಗೆ ಹೀಗಿರಲಿಲ್ಲ. ಅಲ್ಲಿ ಒಮ್ಮೆ ಲೈಸೆನ್ಸ್ ಸಿಕ್ಕ ಕಸಾಯಿಖಾನೆಯನ್ನು ಅಲುಗಿಸುವುದು ಕಷ್ಟವಿತ್ತು. ಲೈಸೆನ್ಸಿಗೆ ಕಾಲಮಿತಿ ಹಾಕುವ ಅಧಿಕಾರ ಬೇರೆ ಪಟ್ಟಣಗಳಿಗೆ ಸಿಕ್ಕಿದ್ದು 1890ರ ತಿದ್ದುಪಡಿಯಿಂದ. ಆ ಮೂವತ್ತು ವರ್ಷಗಳ ಅಂತರ ಚಿಕ್ಕದಲ್ಲ.

ನಿಯಮಗಳು ಎಷ್ಟು ಕೈಗೆಟಕುವ ಭಾಷೆಯಲ್ಲಿದ್ದವು ಎನ್ನಲು ಒಂದು ಉದಾಹರಣೆ. 1877ರ ಹೊತ್ತಿಗೆ ಕೇಂದ್ರದ ಸ್ಥಳೀಯ ಆಡಳಿತ ಮಂಡಳಿ ಪಟ್ಟಣಗಳಿಗೆಂದು ಮಾದರಿ ಉಪನಿಯಮ ಬರೆದುಕೊಟ್ಟಿತು. ಅದರ ಪ್ರಕಾರ ಕಸಾಯಿಖಾನೆಯ ಒಳಗೋಡೆಗೆ ವರ್ಷಕ್ಕೆ ನಾಲ್ಕು ಸಲ ಬಿಸಿ ಸುಣ್ಣ ಹೊಡೆಯಬೇಕು. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ ಮೊದಲ ಹತ್ತು ದಿನದೊಳಗೆ. ರಕ್ತ, ಸಗಣಿ, ಕರುಳಿನ ಕಸವನ್ನು ನೀರು ಹೀರದ, ಬಿಗಿ ಮುಚ್ಚಳದ ಪಾತ್ರೆಯಲ್ಲಿ ತುಂಬಿ 24 ಗಂಟೆಯೊಳಗೆ ಸಾಗಿಸಬೇಕು. ಇದನ್ನು ನೋಡಲು ಪ್ರಯೋಗಾಲಯ ಬೇಡ. ಜೂನ್ 11ರಂದು ಬಾಗಿಲು ತೆರೆದು ಗೋಡೆಗೆ ಬೆರಳು ತಾಗಿಸಿದರೆ ಸಾಕು, ಸುಣ್ಣ ಹತ್ತಿತೋ ಇಲ್ಲವೋ ಗೊತ್ತಾಗುತ್ತದೆ. ಒಳ್ಳೆಯ ನಿಯಮ ಹೀಗಿರಬೇಕು.

ನಾಟಿಂಗ್ ಡೇಲಿನ ಹಂದಿಗಳು

ಇಷ್ಟೂ ಕಾನೂನು ಬಡವರ ಹಿತ್ತಲಲ್ಲಿ ಹೇಗೆ ಕೆಲಸ ಮಾಡಿತು ಎಂಬುದಕ್ಕೆ ಪಶ್ಚಿಮ ಲಂಡನ್ನಿನ ‘ಪಾಟರೀಸ್’ ಎಂಬ ಜಾಗದ ಕಥೆ ನೋಡಬೇಕು. ಇಂದು ಕಾರ್ನಿವಲ್‌ಗೆ ಹೆಸರಾದ ನಾಟಿಂಗ್ ಹಿಲ್ಲಿನ ಪಕ್ಕದ, ನಾಟಿಂಗ್ ಡೇಲ್ ಎಂಬ ತಗ್ಗು ಅದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಟ್ಟಿಗೆಗಾಗಿ ಮಣ್ಣು ತೆಗೆದು ಬಿಟ್ಟ ಗುಂಡಿಗಳ ನೆಲ. ಲಂಡನ್ನಿನ ಒಳಭಾಗದಲ್ಲಿ ಮನೆ, ಬಡಾವಣೆಗಳು ಏಳತೊಡಗಿದಾಗ ಅಲ್ಲಿದ್ದ ಹಂದಿ ಸಾಕುವವರನ್ನು ಎಬ್ಬಿಸಲಾಯಿತು. ಅವರು ಬಂದು ನೆಲೆಯೂರಿದ್ದು ಇಲ್ಲಿ. ಆಗ ಸುತ್ತ ಹೊಲ. ಯಾರಿಗೂ ತೊಂದರೆಯಿಲ್ಲದ ಜಾಗ ಎಂದೇ ಬಂದಿದ್ದರು.

ದೊಡ್ಡ ಮನೆಗಳ, ಹೋಟೆಲುಗಳ ಅಡುಗೆಮನೆಯ ಮುಸುರೆ ಸಂಗ್ರಹಿಸಿ ತಂದು, ಕುದಿಸಿ ಕೊಬ್ಬು ಬೇರ್ಪಡಿಸಿ ಮಾರಿ, ಉಳಿದದ್ದನ್ನು ಹಂದಿಗೆ ಹಾಕುವುದು ಅವರ ಬದುಕು. ಊರಿನ ಎಂಜಲನ್ನು ಮಾಂಸವಾಗಿ ತಿರುಗಿಸಿ ಅದೇ ಊರಿಗೆ ಮಾರುವ ಈ ಕೆಲಸ ನಗರಕ್ಕೆ ಬೇಕಾದದ್ದೇ ಆಗಿತ್ತು. 1849ರ ಹೊತ್ತಿಗೆ ಸುಮಾರು ಎಂಟು ಎಕರೆಯಲ್ಲಿ ಸಾವಿರದಷ್ಟು ಜನ, ಮೂರು ಸಾವಿರದಷ್ಟು ಹಂದಿ. ಹಳೇ ಮಣ್ಣಿನ ಗುಂಡಿಗಳಿಗೆ ಹಂದಿಗೂಡಿನ ಕೊಚ್ಚೆ ಹರಿದು ಕೆರೆಯಾಯಿತು; ಅದರಲ್ಲಿ ದೊಡ್ಡದನ್ನು ಜನ ‘ಓಷನ್’, ಸಮುದ್ರ, ಎಂದು ಕರೆಯುತ್ತಿದ್ದರು. 1846ರಿಂದ 48ರವರೆಗೆ ಅಲ್ಲಿ ಸತ್ತವರ ಸರಾಸರಿ ವಯಸ್ಸು 11 ವರ್ಷ 7 ತಿಂಗಳು. ಇಡೀ ಲಂಡನ್ನಿನಲ್ಲಿ 37 ವರ್ಷ. ದೊಡ್ಡವರೆಲ್ಲ ಹನ್ನೊಂದಕ್ಕೇ ಸಾಯುತ್ತಿದ್ದರು ಎಂದು ಇದರ ಅರ್ಥವಲ್ಲ; ಎಳೆಯ ಮಕ್ಕಳ ಸಾವು ಅಷ್ಟು ಹೆಚ್ಚಿದ್ದರಿಂದ ಸರಾಸರಿ ಹಾಗೆ ಕುಸಿದಿತ್ತು.

ಊರು ಬೆಳೆದು ಇವರ ಸುತ್ತ ಬಂತು, ಬೆನ್ನಿಗೇ ಇನ್‌ಸ್ಪೆಕ್ಟರೂ ಬಂದ. ಹಂದಿ ಸಾಕುವವರ ವಾದ ಸರಳ: ಹಂದಿ ಸಾಕಲೆಂದೇ ಈ ಜಾಗ ಗುತ್ತಿಗೆಗೆ ಪಡೆದಿದ್ದೇವೆ, ಬಾಡಿಗೆ ಕಟ್ಟುವುದು ಹಂದಿಯಿಂದಲೇ, ಒಮ್ಮೆ ಎಬ್ಬಿಸಿದಿರಿ, ಈಗ ಮತ್ತೆ ಎಲ್ಲಿಗೆ? ಆರೋಗ್ಯಾಧಿಕಾರಿಗಳ ವಾದವೂ ಸರಳ: ಮಕ್ಕಳು ಸಾಯುತ್ತಿದ್ದಾರೆ. ಎರಡೂ ನಿಜ. 1856ರಿಂದ ನೋಟೀಸು, ದಂಡ, ಮತ್ತೆ ನೋಟೀಸು. 1870ರ ದಶಕದಲ್ಲಿ ಕೆನ್ಸಿಂಗ್ಟನ್ನಿನ ಆರೋಗ್ಯಾಧಿಕಾರಿಯಾಗಿದ್ದ ಥಾಮಸ್ ಓರ್ಮ್ ಡಡ್‌ಫೀಲ್ಡ್ ಪಟ್ಟು ಹಿಡಿದ ಮೇಲೆ ಹಂದಿಗಳು ಖಾಲಿಯಾದವು.

ಆಮೇಲೆ ಆದದ್ದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಹಂದಿ ಹೋಯಿತು, ಸಾವು ಹೋಗಲಿಲ್ಲ. 1890ರ ದಶಕದಲ್ಲೂ ನಾಟಿಂಗ್ ಡೇಲಿನ ಶಿಶುಮರಣ ಲಂಡನ್ನಿನ ಅತಿ ಕೆಟ್ಟ ಪ್ರಮಾಣಗಳಲ್ಲಿ ಒಂದಾಗಿತ್ತು. ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಖಾತ್ರಿಯಿಲ್ಲದ ದಿನಗೂಲಿ, ದುಬಾರಿ ಬಾಡಿಗೆ ಹಾಗೇ ಉಳಿದಿದ್ದವು. ಹಂದಿಯ ಆದಾಯ ನಿಂತ ಮನೆಗೆ ಬದಲಿ ಆದಾಯ ಕೊಡುವ ಕಲಮು ಯಾವ ನ್ಯೂಸೆನ್ಸ್ ಕಾಯ್ದೆಯಲ್ಲೂ ಇರಲಿಲ್ಲ. ಇದು ಈ ಇತಿಹಾಸದ ಅತಿ ದುಃಖದ ಭಾಗ, ಇಂದಿನ ಆಡಳಿತಗಾರರು ಮೊದಲು ಓದಬೇಕಾದ ಭಾಗವೂ ಹೌದು.

ಮೂವತ್ತು ವರ್ಷದ ಗಡುವು

ಬಡ ಹಂದಿ ಸಾಕುವವರಿಗೆ ಹೋಲಿಸಿದರೆ ಮಾಂಸದ ವ್ಯಾಪಾರಿಗಳ ಕೈ ಬಲವಾಗಿತ್ತು. 1844ರ ಕಟ್ಟಡ ಕಾಯ್ದೆ ಮನೆಗಳಿಗೆ ತೀರಾ ಹತ್ತಿರವಿರುವ ಹೊಲಸು ಉದ್ಯೋಗಗಳು ಮೂವತ್ತು ವರ್ಷದೊಳಗೆ ಜಾಗ ಬಿಡಬೇಕು ಎಂದಿತ್ತು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1874 ಹತ್ತಿರ ಬಂದಾಗ ಗಾಬರಿ ಶುರುವಾಯಿತು.

ಸುಧಾರಕರು ಪ್ಯಾರಿಸ್ ಕಡೆ ಬೆರಳು ತೋರಿಸಿದರು. ನೆಪೋಲಿಯನ್ ಕಾಲದಲ್ಲಿ ಯೋಜಿಸಿ 1818ರಲ್ಲಿ ತೆರೆದ ಐದು ಸಾರ್ವಜನಿಕ ವಧಾಗಾರಗಳು ಅಲ್ಲಿ ಖಾಸಗಿ ಕಸಾಯಿಖಾನೆಗಳ ಜಾಗ ಹಿಡಿದಿದ್ದವು. 1867ರಲ್ಲಿ ಲಾ ವಿಲೆಟ್‌ನ ಬೃಹತ್ ವಧಾಗಾರವೂ ಬಂತು. ಎಲ್ಲ ಪ್ರಾಣಿಗಳೂ ಒಂದೇ ಬಾಗಿಲಿನಿಂದ ಒಳಹೋದರೆ ರೋಗದ ದನವನ್ನು ಹಿಡಿಯುವುದು ಸುಲಭ. ನೂರಾರು ಗಲ್ಲಿಗಳ ಹಿತ್ತಲಲ್ಲಿ ರಾತ್ರೋರಾತ್ರಿ ಕಡಿದದ್ದನ್ನು ಯಾವ ಇನ್‌ಸ್ಪೆಕ್ಟರ್ ನೋಡಿಯಾನು? ಈ ವಾದಕ್ಕೆ ಇಂದಿಗೂ ಉತ್ತರವಿಲ್ಲ.

ವ್ಯಾಪಾರಿಗಳು ಕೊಟ್ಟ ಕಾರಣಗಳೂ ಪೊಳ್ಳಲ್ಲ. ದೂರದ ವಧಾಗಾರದಿಂದ ಬೇಸಿಗೆಯಲ್ಲಿ ಮಾಂಸ ತರುವಷ್ಟರಲ್ಲಿ ಕೆಡುತ್ತದೆ. ಬಡವರು ಕೊಳ್ಳುವ ತಲೆ, ಕಾಲು, ಕರುಳು, ಯಕೃತ್ತು ತಾಜಾ ಸಿಗುವುದು ಅಂಗಡಿಯ ಹಿಂದೆಯೇ ಕಡಿದಾಗ. ದೊಡ್ಡ ವಧಾಗಾರ ಬಂದರೆ ಸಗಟು ವ್ಯಾಪಾರಿ ಉಳಿಯುತ್ತಾನೆ, ಬೀದಿಯ ಚಿಕ್ಕ ಕಸಾಯಿ ಸಾಯುತ್ತಾನೆ. ಸಂಸತ್ತು ಒಪ್ಪಿತು. ಗಡುವು ತೀರುವ ವರ್ಷವೇ ಬಂದ 1874ರ ಕಸಾಯಿಖಾನೆ ಕಾಯ್ದೆ ಹಳೆಯ ಒತ್ತಾಯವನ್ನು ಕೈಬಿಟ್ಟು, ಎಲುಬು ಕುದಿಸುವುದು, ರಕ್ತ ಕುದಿಸುವುದು, ಸತ್ತ ಕುದುರೆ ಕಡಿಯುವುದು ಮುಂತಾದ ಅತಿ ಹೊಲಸು ಕೆಲಸಗಳನ್ನು ಹೊಸದಾಗಿ ಶುರುಮಾಡುವುದನ್ನು ತಡೆದು, ಉಳಿದವಕ್ಕೆ ಉಪನಿಯಮ ಬರೆಯುವ ಅಧಿಕಾರವನ್ನು ಲಂಡನ್ನಿನ ಕಾಮಗಾರಿಗಳನ್ನು ನೋಡಿಕೊಳ್ಳುತ್ತಿದ್ದ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್‌ಗೆ ಕೊಟ್ಟಿತು.

ಗಡುವು ಸೋತದ್ದಕ್ಕೆ ಕಾರಣ ಸ್ಪಷ್ಟ: ಮೂವತ್ತು ವರ್ಷ ಕೊಟ್ಟವರು ಆ ಮೂವತ್ತು ವರ್ಷದಲ್ಲಿ ಊರಿಗೆ ಸಾಕಾಗುವಷ್ಟು ಪರ್ಯಾಯ ಕಟ್ಟಲಿಲ್ಲ. ಪರ್ಯಾಯ ಇದ್ದಲ್ಲಿ ಕಾನೂನು ಬೇಗ ಹಿಡಿತಕ್ಕೆ ಬಂತು. 1871ರ ಕೊನೆಯಲ್ಲಿ ತೆರೆದ ಡೆಟ್‌ಫರ್ಡಿನ ವಿದೇಶಿ ದನದ ಮಾರುಕಟ್ಟೆಯಲ್ಲಿ, ರೋಗದ ಭಯವಿದ್ದ ದೇಶಗಳಿಂದ ಹಡಗಿನಲ್ಲಿ ಬಂದ ಪ್ರಾಣಿಗಳನ್ನು ಆ ಆವರಣದೊಳಗೇ ಕಡಿಯಬೇಕಿತ್ತು. ಅಲ್ಲಿ ಕಟ್ಟಡವೂ ಇತ್ತು, ನಿಯಮವೂ ನಡೆಯಿತು. ಮುಂದೆ 1882ರಲ್ಲಿ ‘ಡನೀಡನ್’ ಹಡಗು ನ್ಯೂಜಿಲೆಂಡಿನಿಂದ ಹೆಪ್ಪುಗಟ್ಟಿಸಿದ ಕುರಿಮಾಂಸವನ್ನು ಕೆಡದಂತೆ ಲಂಡನ್ನಿಗೆ ತಂದಿಳಿಸಿದ ಮೇಲೆ, ಅಂಗಡಿಯ ಹಿಂದೆಯೇ ಕಡಿಯಬೇಕೆಂಬ ವಾದದ ಬುಡ ಸಡಿಲವಾಯಿತು.

ಹಸುಗಳನ್ನು ಖಾಲಿ ಮಾಡಿಸಿದ್ದು ಯಾರು

ಕೊಟ್ಟಿಗೆಗಳ ವಿಷಯದಲ್ಲಿ ಇನ್‌ಸ್ಪೆಕ್ಟರಿಗಿಂತ ಮುಂಚೆ ರೋಗವೇ ಬಂದು ಬಾಗಿಲು ತಟ್ಟಿತು. 1865ರ ಜೂನ್‌ನಲ್ಲಿ ಇಸ್ಲಿಂಗ್ಟನ್ನಿನ ಡೇರಿಯೊಂದರಲ್ಲಿ ದನದ ಪ್ಲೇಗ್, ಅಂದರೆ ರಿಂಡರ್‌ಪೆಸ್ಟ್, ಕಾಣಿಸಿಕೊಂಡಿತು. ಅದಕ್ಕೂ ಮೊದಲು ರಷ್ಯಾ ಆಳ್ವಿಕೆಯ ರೆವೆಲ್ (ಇಂದಿನ ಎಸ್ಟೋನಿಯಾದ ತಾಲಿನ್) ಬಂದರಿನಿಂದ ಹಲ್ ಬಂದರಿಗೆ ಬಂದಿದ್ದ ದನಗಳೇ ಇದರ ಮೂಲ ಎಂದು ತಿಳಿಯಲಾಗಿದೆ. ಸಂತೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಸಂತೆಗೆ ದನ ನಿತ್ಯ ಓಡಾಡುವ, ಗಾಳಿಯಾಡದ, ಒತ್ತೊತ್ತಾಗಿ ಕಟ್ಟಿದ ಲಂಡನ್ನಿನ ಏರ್ಪಾಡು ಒಣಹುಲ್ಲಿನಂತೆ ಹೊತ್ತಿಕೊಂಡಿತು. ಮೂಗು ಬಾಯಿ ಸೋರುತ್ತ, ಭೇದಿಯಾಗುತ್ತ ಹಸುಗಳು ವಾರದೊಳಗೆ ಬಿದ್ದವು. ದೇಶಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ದನಗಳಿಗೆ ಸೋಂಕು ತಗುಲಿತು. ವಿದೇಶಿ ದನಗಳಿಂದ ಇಂಥ ಅಪಾಯ ಕಾದಿದೆ ಎಂದು ಪಶುವೈದ್ಯ ಜಾನ್ ಗ್ಯಾಮ್‌ಗೀ ಮೊದಲೇ ಎಚ್ಚರಿಸಿದ್ದರೂ ಯಾರೂ ಕೇಳಿರಲಿಲ್ಲ. 1866ರ ಫೆಬ್ರುವರಿಯಲ್ಲಿ ಸೋಂಕಿತ ದನಗಳನ್ನು ಕಡ್ಡಾಯವಾಗಿ ಕೊಲ್ಲುವ ಕಾಯ್ದೆ ಬಂತು, ಪರಿಹಾರವನ್ನೂ ಕೊಟ್ಟಿತು. ಮರುವರ್ಷ ರೋಗ ತೊಲಗಿತು.

ಖಾಲಿಯಾದ ಕೊಟ್ಟಿಗೆಗಳ ಜಾಗಕ್ಕೆ ರೈಲಿನ ಹಾಲು ನುಗ್ಗಿತು. ಜಾರ್ಜ್ ಬಾರಂ 1864ರಲ್ಲಿ ಶುರುಮಾಡಿದ್ದ ಎಕ್ಸ್‌ಪ್ರೆಸ್ ಕಂಪನಿಯಂಥವು ಹಳ್ಳಿಯ ಹಾಲನ್ನು ಕ್ಯಾನುಗಳಲ್ಲಿ ತಂದು ನಗರಕ್ಕೆ ಹಂಚಿದವು. ಹಸುವೇ ಬೀದಿಯಲ್ಲಿರಬೇಕೆಂಬ ಅನಿವಾರ್ಯ ತಪ್ಪಿತು. ಹಾಗೆಂದು ಊರಿನ ಕೊಟ್ಟಿಗೆ ಒಮ್ಮೆಲೇ ಸಾಯಲಿಲ್ಲ. ಕಣ್ಣೆದುರೇ ಕರೆದ ಹಾಲೇ ಬೇಕೆನ್ನುವ ಗಿರಾಕಿಗಳಿದ್ದರು. ವೇಲ್ಸಿನಿಂದ ಬಂದ ಕುಟುಂಬಗಳು ಇಪ್ಪತ್ತನೇ ಶತಮಾನಕ್ಕೂ ಆ ಕಸುಬನ್ನು ದಾಟಿಸಿದವು. ಆದರೆ ಈಗ ಲೈಸೆನ್ಸ್ ನಿರಾಕರಿಸುವುದು ಸುಲಭವಾಯಿತು. ಒಂದು ಕೊಟ್ಟಿಗೆ ಮುಚ್ಚಿದರೆ ಬೀದಿಗೆ ಹಾಲಿಲ್ಲ ಎಂಬ ಭಯ ಮ್ಯಾಜಿಸ್ಟ್ರೇಟರಿಗೆ ಉಳಿದಿರಲಿಲ್ಲ.

ವಾಸನೆ ಬಾರದ ಅಪಾಯ

1870ರಲ್ಲಿ ಇಸ್ಲಿಂಗ್ಟನ್ನಿನಲ್ಲಿ ಟೈಫಾಯ್ಡ್ ಎದ್ದಿತು. ಆರೋಗ್ಯಾಧಿಕಾರಿ ಎಡ್ವರ್ಡ್ ಬ್ಯಾಲಾರ್ಡ್ ಮನೆಮನೆ ಕೇಳುತ್ತ ಹೋದಾಗ ಕಾಯಿಲೆ ಬಿದ್ದ ಮನೆಗಳಲ್ಲಿ ಹೆಚ್ಚಿನವು ಒಂದೇ ಡೇರಿಯ ಹಾಲು ಕೊಳ್ಳುತ್ತಿದ್ದವು. ಡೇರಿಯ ನೆಲದಡಿ ನೀರಿನ ತೊಟ್ಟಿಯಿತ್ತು. ಅದಕ್ಕೂ ಹಳೇ ಚರಂಡಿಗೂ ನಡುವೆ ಇಲಿಗಳು ಬಿಲ ತೋಡಿದ್ದವು. ಮೇಲೆ ಎಲ್ಲವೂ ಸ್ವಚ್ಛ, ನಾತವೇನೂ ಇಲ್ಲ. ಮೂಗು ನಂಬಿದ ಇನ್‌ಸ್ಪೆಕ್ಟರ್ ಅಲ್ಲಿಂದ ಸಮಾಧಾನವಾಗಿಯೇ ಹೊರಡುತ್ತಿದ್ದ.

1873ರಲ್ಲಿ ಮೇರಿಲೆಬೋನಿನ ಸ್ಥಿತಿವಂತರ ಮನೆಗಳಿಗೆ, ವೈದ್ಯರ ಮನೆಗಳಿಗೂ, ಅದೇ ಜ್ವರ ಬಂತು. ಹಾಲು ಬಂದದ್ದು ಶುದ್ಧತೆಗೆ ಹೆಸರಾದ ಡೇರಿ ಕಂಪನಿಯಿಂದ. ಸೋಂಕಿನ ಮೂಲ ಲಂಡನ್ನಿನ ಕೊಟ್ಟಿಗೆಯಲ್ಲಿರಲಿಲ್ಲ. ದೂರದ ಹಳ್ಳಿಯ ಒಂದು ಫಾರ್ಮಿನಲ್ಲಿ ಟೈಫಾಯ್ಡಿನಿಂದ ಒಬ್ಬರು ಸತ್ತಿದ್ದರು, ಅಲ್ಲಿನ ನೀರು ಕೆಟ್ಟಿತ್ತು. ದನವನ್ನು ಊರಾಚೆ ಕಳಿಸಿದರೆ ಅಪಾಯವೂ ಊರಾಚೆ ಹೋಗುತ್ತದೆ ಎಂಬ ಎಣಿಕೆ ಇಲ್ಲಿ ಮುರಿಯಿತು. ಲಂಡನ್ನಿನ ಆರೋಗ್ಯಾಧಿಕಾರಿಗೆ ಆ ಹಳ್ಳಿಯ ಗೇಟು ದಾಟುವ ಅಧಿಕಾರವೇ ಇರಲಿಲ್ಲ.

ಇದರ ಫಲವಾಗಿ 1879ರಲ್ಲಿ, ಮತ್ತೆ ವಿಸ್ತಾರವಾಗಿ 1885ರಲ್ಲಿ ಡೇರಿ, ಕೊಟ್ಟಿಗೆ, ಹಾಲಿನಂಗಡಿಗಳ ಆದೇಶ ಬಂತು. ಹಾಲು ಮಾರುವವರೆಲ್ಲ ನೋಂದಾಯಿಸಬೇಕು, ಕೊಟ್ಟಿಗೆಗೆ ಬೆಳಕು, ಗಾಳಿ, ಚರಂಡಿ, ಒಳ್ಳೆಯ ನೀರು ಇರಬೇಕು, ಸೋಂಕು ರೋಗವಿರುವವರು ಹಾಲು ಮುಟ್ಟಬಾರದು. ಮಹತ್ವದ ಬದಲಾವಣೆಯೆಂದರೆ ಪ್ರಶ್ನೆಯೇ ಬದಲಾಯಿತು. ‘ಅಕ್ಕಪಕ್ಕದವರಿಗೆ ನಾತ ಬರುತ್ತದೆಯೇ’ ಎಂಬಲ್ಲಿಂದ ‘ಇಲ್ಲಿಂದ ಹೊರಡುವ ಹಾಲು ಯಾರ ಹೊಟ್ಟೆಗೆ ಏನು ಒಯ್ಯುತ್ತದೆ’ ಎಂಬಲ್ಲಿಗೆ. ರಾಬರ್ಟ್ ಕಾಕ್ 1882ರಲ್ಲಿ ಕ್ಷಯದ ಸೂಕ್ಷ್ಮಾಣು ಕಂಡುಹಿಡಿದ ಮೇಲೆ ಹಸುವಿನ ಕೆಚ್ಚಲು ಕೂಡ ತಪಾಸಣೆಯ ವಿಷಯವಾಯಿತು.

ಇನ್‌ಸ್ಪೆಕ್ಟರನನ್ನು ಸಾಕುವವರು ಯಾರು

ಲೈಸೆನ್ಸ್ ವ್ಯವಸ್ಥೆಯ ದೊಡ್ಡ ರೋಗ ಕಾಗದದಲ್ಲಿರಲಿಲ್ಲ, ಸಂಬಳದಲ್ಲಿತ್ತು. ಆರೋಗ್ಯಾಧಿಕಾರಿಯನ್ನೂ ಇನ್‌ಸ್ಪೆಕ್ಟರನ್ನೂ ನೇಮಿಸಿ ಸಂಬಳ ಕೊಡುತ್ತಿದ್ದುದು ವೆಸ್ಟ್ರಿ. ವೆಸ್ಟ್ರಿಯಲ್ಲಿ ಕೂತಿದ್ದವರು ಅಂಗಡಿಯವರು, ಬಾಡಿಗೆ ಮನೆಗಳ ಮಾಲೀಕರು, ಕಸಾಯಿಗಳು, ಡೇರಿಯವರು. ತನಗೆ ಅನ್ನ ಹಾಕುವ ಸದಸ್ಯನ ಕೊಟ್ಟಿಗೆಯ ಮೇಲೆ ವರದಿ ಬರೆಯುವುದು ಎಷ್ಟು ಕಷ್ಟ ಎಂದು ವಿವರಿಸಬೇಕಿಲ್ಲ. ಕೇಂದ್ರದ ಒಪ್ಪಿಗೆಯಿಲ್ಲದೆ ಈ ಅಧಿಕಾರಿಗಳನ್ನು ಕಿತ್ತುಹಾಕದಂತೆ ರಕ್ಷಣೆ ಕೊಟ್ಟಿದ್ದು 1891ರ ಲಂಡನ್ ಸಾರ್ವಜನಿಕ ಆರೋಗ್ಯ ಕಾಯ್ದೆ. ಆ ವೇಳೆಗೆ ಲೈಸೆನ್ಸ್ ಕೊಡುವ ಕೆಲಸ ಇಡೀ ನಗರಕ್ಕೆ ಒಂದೇ ಆಗಿ 1889ರಲ್ಲಿ ಹುಟ್ಟಿದ ಲಂಡನ್ ಕೌಂಟಿ ಕೌನ್ಸಿಲಿನ ಕೈಸೇರಿತ್ತು. ವೆಸ್ಟ್ರಿಯ ನಂಟಸ್ತನದಿಂದ ದೂರವಿದ್ದ ಕೌನ್ಸಿಲ್ ನವೀಕರಣದಲ್ಲಿ ಬಿಗಿಯಾಯಿತು, ಕಸಾಯಿಖಾನೆಗಳ ಸಂಖ್ಯೆ ವರ್ಷವರ್ಷ ಇಳಿಯಿತು.

ದಿಲ್ಲಿಗೆ ಮರಳಿದರೆ

ಈಗ ಮೊದಲ ಪ್ರಶ್ನೆಗಳಿಗೆ ಉತ್ತರ ಕೂಡಿಸಬಹುದು. ಜಾಗಕ್ಕೆ ಲೈಸೆನ್ಸ್ ಏಕೆಂದರೆ ಹಾಲಿನ ಪರೀಕ್ಷೆ ಆ ದಿನದ ಹಾಲನ್ನಷ್ಟೇ ಹೇಳುತ್ತದೆ. ತೊಟ್ಟಿಯಡಿಯ ಇಲಿಬಿಲವನ್ನು ಹೇಳುವುದಿಲ್ಲ. ಸರ್ಕಾರ ತೋರಿಸಿದ ಜಾಗಕ್ಕೆ ಹೋದವರೂ ತಪ್ಪಿತಸ್ಥರಾಗುವುದೇಕೆಂದರೆ ಜಾಗದ ಹಂಚಿಕೆ ಒಮ್ಮೆ ಆಗುವಂಥದ್ದು, ಲೈಸೆನ್ಸ್ ವರ್ಷವರ್ಷವೂ ಗಳಿಸಬೇಕಾದದ್ದು. ಹಂಚಿದ ಮೇಲೆ ಆ ವಾರ್ಷಿಕ ಸುತ್ತನ್ನು ಯಾರೂ ಹೊಡೆಯದಿದ್ದರೆ, ದಶಕಗಳ ನಂತರ ನ್ಯಾಯಾಲಯ ಬಂದು ನೋಡುವಾಗ ಎಲ್ಲವೂ ಒಟ್ಟಿಗೇ ಅಕ್ರಮವಾಗಿ ಕಾಣುತ್ತದೆ. ಇದರಲ್ಲಿ ಡೇರಿಯವರ ತಪ್ಪಿಗಿಂತ ಆಡಳಿತದ ತಪ್ಪು ದೊಡ್ಡದು.

ಹಲವು ಇಲಾಖೆಗಳೇಕೆ ಎಂಬುದಕ್ಕೂ ಚರಿತ್ರೆಯೇ ಕಾರಣ. ನಾತ, ಹಾಲು, ಪ್ರಾಣಿರೋಗ ಎಂದು ಲಂಡನ್ನಿನಲ್ಲಿ ಕಾಳಜಿ ಒಂದೊಂದಾಗಿ ಕೂಡಿಕೊಂಡಿತು, ಒಂದೊಂದಕ್ಕೂ ಒಂದೊಂದು ಕಾಯ್ದೆ ಹುಟ್ಟಿತು. ನಮ್ಮಲ್ಲಿ ಪಾಲಿಕೆ ಕಾಯ್ದೆ, 1974ರ ಜಲಮಾಲಿನ್ಯ ಕಾಯ್ದೆ, 2006ರ ಆಹಾರ ಸುರಕ್ಷತೆ ಕಾಯ್ದೆ, 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಡೇರಿ, ಗೋಶಾಲೆಗಳಿಗೆ ಕೊಟ್ಟ ಮಾರ್ಗಸೂಚಿ ಹೀಗೆಯೇ ಪದರ ಪದರವಾಗಿ ಬಂದಿವೆ. ಅವನ್ನು ಒಬ್ಬನೇ ತಪಾಸಣಾಧಿಕಾರಿಯ ಒಂದೇ ಭೇಟಿಗೆ ಹೊಲಿಯುವ ಕೆಲಸ ಬಾಕಿಯಿದೆ.

ಮುಂದೇನಾಗಬಹುದು? ಸ್ಥಳಾಂತರದ ಆದೇಶವನ್ನು ಪರ್ಯಾಯ ಸಿದ್ಧವಿಲ್ಲದೆ ಜಾರಿ ಮಾಡಿದರೆ ನಾಟಿಂಗ್ ಡೇಲಿನಲ್ಲಾದದ್ದೇ ಆಗುತ್ತದೆ: ನಾಲ್ಕೈದು ಹಸುವಿನವರು ಕಸುಬು ಬಿಡುತ್ತಾರೆ ಇಲ್ಲವೇ ಇನ್ನೊಂದು ಗಲ್ಲಿಗೆ ಕದ್ದು ಸೇರುತ್ತಾರೆ, ದೊಡ್ಡ ಹಿಂಡಿನವರು ಮಾತ್ರ ಹೊಸ ಜಾಗದಲ್ಲಿ ಉಳಿಯುತ್ತಾರೆ. ಆದೇಶವನ್ನು ಮುಂದೂಡುತ್ತಲೇ ಹೋದರೆ 1844ರ ಗಡುವಿನ ಗತಿ. ಸಾಗಿಸಿ ಮರೆತರೆ, ಊರು ಇನ್ನಷ್ಟು ಬೆಳೆದು ಘೋಘಾವನ್ನೂ ಸುತ್ತುವರಿದಾಗ ಇದೇ ಮೊಕದ್ದಮೆ ಮತ್ತೆ ಬರುತ್ತದೆ.

ಕರ್ನಾಟಕದಲ್ಲಿ ಚಿತ್ರ ತುಸು ಬೇರೆ. ಬೆಂಗಳೂರಿನ ಹಾಲಿನ ಬಹುಭಾಗ ಹಳ್ಳಿಯ ಸಹಕಾರ ಸಂಘಗಳಿಂದ ಬರುತ್ತದೆ. ಕ್ಯಾನು ತುಂಬುವ ಮುನ್ನ ಅಲ್ಲೇ ಡಿಗ್ರಿ, ಫ್ಯಾಟ್ ನೋಡುತ್ತಾರೆ. ಲಂಡನ್ನಿಗೆ ರೈಲು ಮಾಡಿದ ಕೆಲಸವನ್ನು ಇಲ್ಲಿ ಸಂಘಗಳು ಮಾಡಿವೆ. ಆದರೆ ಆ ಪರೀಕ್ಷೆ ನೀರು ಬೆರೆತದ್ದನ್ನು ಹಿಡಿಯುತ್ತದೆ, ಕೊಟ್ಟಿಗೆಯ ನೆಲವನ್ನು ನೋಡುವುದಿಲ್ಲ. ನಗರದ ಓಣಿಗಳಲ್ಲಿ ಉಳಿದಿರುವ ಮೂರು ನಾಲ್ಕು ಹಸುಗಳ ಕೊಟ್ಟಿಗೆಗಳು, ಕರೆದ ಹಾಲನ್ನು ಬೆಳಗ್ಗೆ ಚೆಂಬಿನಲ್ಲಿ ಪಕ್ಕದ ಮನೆಗಳಿಗೆ ಹಾಕುವ ಕೊಟ್ಟಿಗೆಗಳು, ಆ ಪರೀಕ್ಷೆಯ ಮೇಜನ್ನೂ ತಲುಪುವುದಿಲ್ಲ. ಅಲ್ಲಿ ಸಗಣಿ ಹೋಗುವ ಚರಂಡಿ ಒಂದು ಇಲಾಖೆಯದು, ಹಸುವಿನ ಲಸಿಕೆ ಇನ್ನೊಂದರದು, ಹಾಲು ಮೂರನೆಯದರದು. ಮೂರನ್ನೂ ನೋಡಲು ವರ್ಷಕ್ಕೊಮ್ಮೆ ಆ ಬಾಗಿಲು ತಟ್ಟುವವರು ಯಾರು ಎಂಬುದನ್ನು ಕಾಯ್ದೆಯ ಪುಸ್ತಕಗಳಲ್ಲಲ್ಲ, ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ಎಷ್ಟು ಹುದ್ದೆ ಭರ್ತಿಯಾಗಿವೆ ಎಂಬ ಪಟ್ಟಿಯಲ್ಲಿ ಹುಡುಕಬೇಕು.